ಸುಮ್ನಾಗಿದ್ದು ಬಾಯಿ ಮಾತ್ರ ಕಣಪ್ಪ

ಪ್ರೀತಿಯ ಪುಟ್ಟೂ,

ಊರು ಸೇರ್ಕೊಂಡೆ ಕಣೋ, ಬಸ್ಸಲ್ಲಿ ಸೊಂಟ ಹಿಡ್ಕೊಂಡಿದ್ದು ಬಿಟ್ರೆ ಆರಾಮ. ಒಂದು ಮಾತು ಅಲ್ಲಿದ್ದಾಗ ಹೇಳೋಕೆ ಬಾಯಿ ಬರ್ಲಿಲ್ಲ, ಅದಕ್ಕೆ ಬರೀತಿದೀನಿ.

"ಪಾಪು ಎದುರಿಗೆ ನಾವು ಜಗಳಾನೇ ಆಡಲ್ಲ ದೊಡ್ಡಮ್ಮ, ಸುಮ್ನಾಗ್ಬಿಡ್ತೀವಿ" ಅಂತ ಹೆಮ್ಮೆಯಿಂದ ಹೇಳ್ದೆ ಅಲ್ವಾ. ಶನಿವಾರ ಬೆಳಿಗ್ಗೆ ನೀನು ಮುಖ ಗಂಟು ಹಾಕ್ಕೊಂಡು ಫೋನ್ ಉಜ್ತಾ ಕೂತಿದ್ದೆ, ನಿನ್ ಹೆಂಡ್ತಿ ಹರಳೆಣ್ಣೆ ಕುಡಿದೋರ ಥರ ದೋಸೆ ಹೊಯ್ತಿದ್ಲು, ಪಾಪು ನಿನ್ ಮೊಣಕಾಲು ಹಿಡ್ಕೊಂಡು ನಿಂತು ನಿನ್ ಮುಖ ನೋಡಿ ನಗ್ತು, ಕೈ ತಟ್ತು, ಕೊನೆಗೆ ಕಿರುಚ್ತು, ನೀನು "ನಿದ್ದೆ ಬಂದಿದೆ ಅನ್ಸತ್ತೆ" ಅಂದೆ. ನಿದ್ದೆ ಅಲ್ವೋ ಅದು.

ಅಮೆರಿಕದ ಎಡ್ವರ್ಡ್ ಟ್ರಾನಿಕ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಇದನ್ನ ಪ್ರಯೋಗ ಮಾಡಿ ತೋರಿಸಿದಾರೆ. ಆಟ ಆಡಿಸ್ತಿದ್ದ ಅಮ್ಮ ಇದ್ದಕ್ಕಿದ್ದಂಗೆ ಎರಡ್ಮೂರು ನಿಮಿಷ ಕಲ್ಲಿನ ಮುಖ ಮಾಡ್ಕೊಂಡು ಕೂರ್ತಾಳೆ, ಮಗು ನಗತ್ತೆ, ಕೈ ಚಾಚತ್ತೆ, ಆಮೇಲೆ ಮುಖ ತಿರುಗಿಸ್ಕೊಂಡು ಅಳತ್ತೆ. ಯೂಟ್ಯೂಬಲ್ಲಿದೆ, ನಂಗಂತೂ ಪೂರ್ತಿ ನೋಡೋಕಾಗ್ಲಿಲ್ಲ.

ಅಷ್ಟು ಚಿಕ್ಕದಕ್ಕೆ ಏನ್ ಗೊತ್ತಾಗತ್ತೆ ಅನ್ಬೇಡ. 1985ರ ಇನ್ನೊಂದು ಸಂಶೋಧನೆಲಿ ವರ್ಷ ತುಂಬಿದ ಮಕ್ಕಳನ್ನ ಗಾಜಿನ ಮೇಜಿನ ಮೇಲೆ ಬಿಟ್ರು, ನಡುವೆ ಕೆಳಗೆ ತಗ್ಗು ಇದ್ದಂಗೆ ಕಾಣತ್ತೆ, ಆ ಕಡೆ ಅಮ್ಮ, ಮಾತಾಡೋ ಹಾಗಿಲ್ಲ, ಬರೀ ಮುಖ. ನಗುಮುಖ ಕಂಡ 19 ಮಕ್ಕಳಲ್ಲಿ 14 ದಾಟ್ಕೊಂಡ್ ಬಂದ್ವು, ಹೆದರಿದ ಮುಖ ಕಂಡ 17ರಲ್ಲಿ ಒಂದೂ ದಾಟ್ಲಿಲ್ಲ!

ಹಾಗಂತ ದಿನವಿಡೀ ಹಲ್ಲು ಕಿರೀತಾ ಇರು ಅಂತಲ್ಲ, ಸುಳ್ಳು ನಗು ಕಣ್ಣಿನ ತನಕ ಹೋಗಲ್ಲ. ಟ್ರಾನಿಕ್ ಕೂಡ ಹೇಳೋದು ಅದೇ, ಚೆನ್ನಾಗಿರೋ ಅಮ್ಮ-ಮಗೂನೂ ಬಹಳ ಹೊತ್ತು ತಾಳ ತಪ್ಪಿ ಮತ್ತೆ ಸರಿಹೋಗ್ತಿರ್ತಾರೆ. ನಿಮ್ಮ ದೊಡ್ಡಪ್ಪ ಕೋಪ ಬಂದ್ರೆ ಮನೆ ಹಾರೋಹಂಗೆ ಕೂಗೋರು, ಆದ್ರೆ ರಾತ್ರಿ ಊಟಕ್ಕೆ ಕೂತಾಗ ಒಂದು ಹುಬ್ಬು ಎತ್ತಿ ನೋಡೋರು, ಮಕ್ಕಳು ನಕ್ಬಿಡೋರು, ಅಲ್ಲಿಗೆ ಮುಗೀತು. ಕೂಗದೆ ಮೂರು ಮೂರು ದಿನ ಮುಖ ಊದಿಸ್ಕೊಂಡು ಓಡಾಡ್ತಿದ್ದೋಳು ನಾನು, ಅದನ್ನೇ ದೊಡ್ಡ ಸಂಯಮ ಅನ್ಕೊಂಡಿದ್ದೆ. ನಿಮ್ಮಕ್ಕಂಗೆ ಈಗ 42, ಇವತ್ತಿಗೂ ವಿಡಿಯೋ ಕಾಲ್ ಎತ್ತಿದ್ ತಕ್ಷಣ ನನ್ ಮುಖ ನೋಡಿ "ಯಾಕಮ್ಮ, ನಾನೇನಾದ್ರೂ ಮಾಡಿದ್ನಾ?" ಅಂತಾಳೆ.

ಅದಕ್ಕೆ, ಮುನಿಸು ಬಂದ್ರೆ ಬರ್ಲಿ. ಆದ್ರೆ ರೂಮೊಳಗೆ ಬಾಗ್ಲು ಹಾಕ್ಕೊಂಡು ರಾಜಿ ಮಾಡ್ಕೋಬೇಡಿ, ಪಾಪು ಎದುರಿಗೇ ಮಾಡ್ಕೊಳ್ಳಿ, ಮುಖ ಸಡಿಲ ಆಗೋದನ್ನೂ ಅದು ನೋಡ್ಲಿ.

ಮಿಡಿ ಉಪ್ಪಿನಕಾಯಿ ಭರಣಿ ಮೇಲಿನ ಶೆಲ್ಫಲ್ಲಿಟ್ಟಿದೀನಿ, ಒದ್ದೆ ಸ್ಪೂನ್ ಹಾಕ್ಬೇಡಿ.

ನಿನ್ನ ದೊಡ್ಡಮ್ಮ