ವಿಷಯ: ಅರ್ಜಿ ಫೋಟೋಗಳ ಅಳತೆ ಬದಲಿಸುವಾಗ ಮುಖವನ್ನೇ ಹಿಗ್ಗಿಸಿ, ಕುಗ್ಗಿಸಿ ಕೊಟ್ಟಿರುವ ಬಗ್ಗೆ ದೂರು

ಇಂದ,
ನಿಮ್ಮ ಶಿವಮೊಗ್ಗ ಶಾಖೆಯ ಗ್ರಾಹಕಿ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಕಳೆದ ವಾರ ನನ್ನ ಮಗಳ ಫೋಟೋ ತೆಗೆಸಲು ನಿಮ್ಮ ಶಾಖೆಗೆ ಹೋಗಿದ್ದೆವು. ಬೇಕಾಗಿದ್ದದ್ದು ಮೂರು: ಪಾಸ್‌ಪೋರ್ಟ್ ಸೈಜಿನ ಒಂದು ಶೀಟ್, ಪ್ಯಾನ್ ಅರ್ಜಿಗೆ ಅಂಟಿಸಲು 2.5 × 3.5 ಸೆಂ.ಮೀ.ನ ಪ್ರತಿಗಳು, ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯ ಆನ್‌ಲೈನ್ ಅರ್ಜಿಗೆ 200 × 230 ಪಿಕ್ಸೆಲ್‌ನ ಫೈಲ್. ಅಳತೆಗಳನ್ನೆಲ್ಲ ಚೀಟಿಯಲ್ಲಿ ಬರೆದೇ ಕೊಟ್ಟಿದ್ದೆ. ಎಲ್ಲ ಸೇರಿ 240 ರೂಪಾಯಿ ಪಾವತಿಸಿದ್ದೇನೆ, ರಸೀದಿಯ ಪ್ರತಿ ಲಗತ್ತಿಸಿದೆ.

ಫೋಟೋ ತೆಗೆದದ್ದರಲ್ಲಿ ತಕರಾರಿಲ್ಲ. ಬೆಳಕು, ಬಿಳಿ ಹಿನ್ನೆಲೆ ಎರಡೂ ಚೆನ್ನಾಗಿದ್ದವು. ಕೆಟ್ಟದ್ದು ಆಮೇಲೆ, ಕಂಪ್ಯೂಟರಿನ ಮುಂದೆ.

ಪಾಸ್‌ಪೋರ್ಟ್ ಸೈಜ್ ಎಂದರೆ 35 × 45 ಮಿ.ಮೀ. ಐಬಿಪಿಎಸ್ ಕೇಳುವ ಚೌಕಟ್ಟು, ಎತ್ತರಕ್ಕೆ ಹೋಲಿಸಿದರೆ, ಅದಕ್ಕಿಂತ ಅಗಲದ್ದು. ಒಂದನ್ನು ಇನ್ನೊಂದಕ್ಕೆ ಹೊಂದಿಸಬೇಕಾದರೆ ಎಲ್ಲಾದರೂ ಒಂದಷ್ಟು ಕತ್ತರಿಸಲೇಬೇಕು. ನಿಮ್ಮವರು ಕತ್ತರಿಸಲಿಲ್ಲ. ಅಗಲದ ಜಾಗದಲ್ಲಿ 200, ಎತ್ತರದ ಜಾಗದಲ್ಲಿ 230 ಎಂದು ಟೈಪ್ ಮಾಡಿ ಸೇವ್ ಒತ್ತಿದರು. ಪ್ರಮಾಣ ಬದಲಾಗದಂತೆ ಕಾಯುವ ಬೀಗದ ಗುರುತನ್ನು ಅದಕ್ಕೂ ಮೊದಲೇ ತೆಗೆದಿಟ್ಟಿದ್ದರು, ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಪರಿಣಾಮ, ಮಗಳ ಮುಖ ಶೇ. 12ರಷ್ಟು ಅಡ್ಡಕ್ಕೆ ಹಿಗ್ಗಿದೆ. ಕಿವಿಯ ದುಂಡನೆಯ ಓಲೆ ಅಡ್ಡ ಮಲಗಿಸಿದ ಮೊಟ್ಟೆಯ ಹಾಗೆ ಕಾಣುತ್ತಿದೆ. ಪ್ಯಾನ್ ಅರ್ಜಿಯ ಪ್ರತಿಗಳಲ್ಲಿ ಇದರ ಉಲ್ಟಾ: ಅಲ್ಲಿ ಚೌಕಟ್ಟು ಕಿರಿದು, ಆದ್ದರಿಂದ ಮುಖ ಶೇ. 8ರಷ್ಟು ಸಣಕಲಾಗಿದೆ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ಅಕ್ಕ, ತಂಗಿ ಅನ್ನಬಹುದು, ಒಬ್ಬಳೇ ಅನ್ನಲು ಕಷ್ಟ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಹಾಗಾಗಿ ಲೆಕ್ಕ ಹಾಕದೆ ಬಿಡಲಾಗಲಿಲ್ಲ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, ಪಾಸ್‌ಪೋರ್ಟ್ ಫೋಟೋ 413 × 531 ಪಿಕ್ಸೆಲ್ ಆಗುತ್ತದೆ. ಕೆಳಗೆ, ಎದೆಯ ಭಾಗದಿಂದ ಸುಮಾರು 56 ಪಿಕ್ಸೆಲ್ ಕತ್ತರಿಸಿ ಆಮೇಲೆ ಚಿಕ್ಕದು ಮಾಡಿದ್ದರೆ 200 × 230ಕ್ಕೆ ಸರಿಯಾಗಿ ಕೂರುತ್ತಿತ್ತು. ಪ್ಯಾನ್ ಪ್ರತಿಗಾದರೆ ಎಡಕ್ಕೆ ಒಂದೂವರೆ ಮಿ.ಮೀ., ಬಲಕ್ಕೆ ಒಂದೂವರೆ ಮಿ.ಮೀ. ತೆಗೆದರೆ ಮುಗಿಯಿತು. ಹೋಗುತ್ತಿದ್ದದ್ದು ಬರೀ ಬಿಳಿ ಹಿನ್ನೆಲೆ ಮತ್ತು ಭುಜದ ಅಂಚು.

ಇನ್ನು ಪಾಸ್‌ಪೋರ್ಟ್ ಶೀಟ್. ಅದರಲ್ಲಿ ಮುಖ ಸರಿಯಾಗಿದೆ, ಅಳತೆ ತಪ್ಪಿದೆ. ಸ್ಕೇಲ್ ಇಟ್ಟು ನೋಡಿದರೆ ಪ್ರತಿ ಫೋಟೋ ಸುಮಾರು 33 × 42.5 ಮಿ.ಮೀ. ಇದೆ. 4 × 6 ಇಂಚಿನ ಕಾಗದದಲ್ಲಿ 35 × 45ರ ಎಂಟು ಫೋಟೋ ಆರಾಮಾಗಿ ಹಿಡಿಯುತ್ತವೆ, ಕತ್ತರಿ ಆಡಿಸಲೂ ಜಾಗ ಉಳಿಯುತ್ತದೆ. ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ (ಕಾಗದಕ್ಕೆ ಹೊಂದಿಸು) ಎಂಬ ಆಯ್ಕೆಯನ್ನು ಹಾಗೇ ಬಿಟ್ಟರೆ ಇಡೀ ಶೀಟು ಹೀಗೆ ಕುಗ್ಗುತ್ತದೆ. ಇಲ್ಲೂ ಅದೇ ಆಗಿರಬೇಕು.

ಐಬಿಪಿಎಸ್ ಫೈಲ್ 200 × 230 ಇತ್ತು, ತೂಕವೂ 20ರಿಂದ 50 ಕೆಬಿಯ ಒಳಗಿತ್ತು, ಆದ್ದರಿಂದ ಅರ್ಜಿಯ ಪುಟ ಅದನ್ನು ತಕರಾರಿಲ್ಲದೆ ತೆಗೆದುಕೊಂಡಿತು. ಕೊನೆಯ ಬಟನ್ ಒತ್ತುವ ಮುಂಚೆ ಪ್ರಿವ್ಯೂ ನೋಡುವಾಗ ಮಗಳೇ ಗಮನಿಸಿದಳು. ಒತ್ತಿಬಿಟ್ಟಿದ್ದರೆ ಇದೇ ಮುಖ ಅವಳ ಕರೆಪತ್ರದಲ್ಲಿ ಬರುತ್ತಿತ್ತು. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಆ ಫೋಟೋವನ್ನೂ ಎದುರಿಗಿರುವವಳನ್ನೂ ತಾಳೆ ನೋಡುವವರಿಗೆ ಅವಳು ಏನು ಹೇಳಬೇಕಿತ್ತು?

ಮರುದಿನ ಶಾಖೆಗೆ ಹೋಗಿ ತೋರಿಸಿದೆ. ಕೌಂಟರಿನ ಹುಡುಗ, “ಮೇಡಂ, ಸೈಜ್ ಕರೆಕ್ಟಾಗೇ ಇದೆ, ಸಾಫ್ಟ್‌ವೇರೇ ಹಂಗ್ ಮಾಡುತ್ತೆ, ನಮ್ಮ ಕೈಲೇನಿಲ್ಲ” ಅಂದ. ಮೂಲ ಫೈಲನ್ನಾದರೂ ಕೊಡಪ್ಪಾ ಎಂದರೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದ. ಡಾಕ್ಯುಮೆಂಟ್ ಆಗಿ ಕಳಿಸದಿದ್ದರೆ ಅದು ಗಾತ್ರ ಕುಗ್ಗಿ, ಸ್ಪಷ್ಟತೆ ಕಳೆದುಕೊಂಡೇ ಬರುತ್ತದೆ ಎನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಅವನ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು ನಾನು ಕೇಳುತ್ತಿಲ್ಲ, ಹೇಳಿಕೊಡಬೇಕಾದವರು ಹೇಳಿಕೊಟ್ಟಿಲ್ಲ ಅಷ್ಟೆ. ಕೊನೆಗೆ ಬಸ್ ಸ್ಟ್ಯಾಂಡ್ ಬಳಿಯ ಸಣ್ಣ ಸ್ಟುಡಿಯೋದಲ್ಲಿ ಹೊಸದಾಗಿ ಫೋಟೋ ತೆಗೆಸಿ ಅರ್ಜಿ ಹಾಕಿದ್ದಾಯಿತು. ಅಲ್ಲಿನವರಿಗೆ ನಾನು ಚೀಟಿ ಕೊಡುವ ಪ್ರಮೇಯವೇ ಬರಲಿಲ್ಲ, ಯಾವ ಪರೀಕ್ಷೆ ಎಂದಷ್ಟೇ ಕೇಳಿದರು.

ಆದ್ದರಿಂದ 240 ರೂಪಾಯಿ ವಾಪಸ್ ಕೊಡಬೇಕು. ಅರ್ಜಿ ಫೋಟೋ ಎಂದರೆ ಮೊದಲು ಪ್ರಮಾಣಕ್ಕೆ ಕತ್ತರಿಸಿ ನಂತರ ಅಳತೆ ಬದಲಿಸಬೇಕು, ಪ್ರಿಂಟನ್ನು ನೂರಕ್ಕೆ ನೂರು ಗಾತ್ರದಲ್ಲೇ ಕೊಡಬೇಕು ಎಂದು ನಿಮ್ಮ ಶಾಖೆಗಳಿಗೆ ಲಿಖಿತವಾಗಿ ತಿಳಿಸಬೇಕು. ಇನ್ನೊಂದು ಮಾತು: ಆ ಹುಡುಗ ನಮ್ಮ ಫೈಲ್ ಹುಡುಕುವಾಗ ಪರದೆಯ ಮೇಲೆ ಯಾರ‍್ಯಾರದೋ ಫೋಟೋ, ಆಧಾರ್ ಕಾರ್ಡ್‌ಗಳ ಸಾಲೇ ಕಂಡಿತು. ನಮ್ಮದನ್ನಂತೂ ಅಲ್ಲಿಂದ ಅಳಿಸಿ, ಅಳಿಸಿದ್ದಾಗಿ ಬರೆದು ತಿಳಿಸಿ.

ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಸೇವಾ ನ್ಯೂನತೆಯ ದೂರು ದಾಖಲಿಸುತ್ತೇನೆ. ಹಿಗ್ಗಿದ್ದು, ಸಣಕಲಾದದ್ದು, ಎರಡೂ ಬಗೆಯ ಫೋಟೋದ ಒಂದೊಂದು ಪ್ರತಿ ಇದರೊಂದಿಗಿದೆ.

ಇಂತಿ,
ತಮ್ಮ ವಿಶ್ವಾಸಿ
(ಸಹಿ)