ಪ್ರವೇಶ ಸಹಿತವೆಂದು ಹಣ ಪಡೆದು ಹೊರಗಿನಿಂದಷ್ಟೇ ತೋರಿಸಿದ ರಂಗಮಂದಿರದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಸ್ವೀಡನ್ನಿನ ಐತಿಹಾಸಿಕ ರಂಗಮಂದಿರ ಮತ್ತು ನೌಕಾ ಸಂಗ್ರಹಾಲಯಗಳ ವಿಶೇಷ ಪ್ರವಾಸವೆಂದು ನಿಮ್ಮ ಸಂಸ್ಥೆ ಪ್ರಚಾರ ಮಾಡಿದ ಪ್ಯಾಕೇಜಿನಲ್ಲಿ ಕಳೆದ ಜೂನ್ ತಿಂಗಳಲ್ಲಿ ನಾನು, ನನ್ನ ಪತ್ನಿ ಮತ್ತು ನನ್ನ ವೃದ್ಧ ತಂದೆಯವರು ಪ್ರಯಾಣಿಸಿದೆವು. ಅಲ್ಲಿ ನಡೆದದ್ದನ್ನು ಫೋನಿನಲ್ಲೇ ಸೌಜನ್ಯದಿಂದ ಹೇಳಿ ಮುಗಿಸಬಹುದೆಂದು ಭಾವಿಸಿದ್ದೆ. ಹಲವು ಕರೆಗಳ ನಂತರ ನಿಮ್ಮ ಕಡೆಯಿಂದ ಬಂದದ್ದು ಥಾಯ್ಲೆಂಡ್ ಪ್ರವಾಸಕ್ಕೆ ಬಳಸಬಹುದಾದ ರಿಯಾಯಿತಿ ಕೂಪನ್. ಆದ್ದರಿಂದ ಈ ಪತ್ರ.

ನಿಮ್ಮ ನಿಯಮಗಳನ್ನು ನಿಮಗೇ ಓದಿ ಹೇಳುವ ಅಗತ್ಯವಿಲ್ಲವೆಂದು ನಂಬಿದ್ದೇನೆ. ‘ಫೋಟೊ ಸ್ಟಾಪ್’ ಎಂದಿದ್ದರೆ ಬಸ್ಸಿನಿಂದಿಳಿದು ಹೊರಗಿನಿಂದ ನೋಡುವುದು, ‘ಪ್ರವೇಶ ಸಹಿತ’ ಎಂದಿದ್ದರೆ ಟಿಕೆಟ್ ಕೊಡಿಸಿ ಒಳಗೆ ಕರೆದೊಯ್ಯುವುದು ಎಂದು ನಿಮ್ಮ ಕರಪತ್ರದ ಕೊನೆಯ ಪುಟವೇ ಹೇಳುತ್ತದೆ. ಡ್ರಾಟ್ನಿಂಗ್‌ಹೋಮ್ ಅರಮನೆಯ ರಂಗಮಂದಿರ, ಮುಳುಗಿದ್ದ ಹಳೆಯ ಯುದ್ಧನೌಕೆಯನ್ನು ಮೇಲೆತ್ತಿ ಇಟ್ಟಿರುವ ವಾಸಾ ಸಂಗ್ರಹಾಲಯ ಮತ್ತು ಸ್ಟಾಕ್‌ಹೋಮಿನ ನೌಕಾ ಸಂಗ್ರಹಾಲಯ, ಈ ಮೂರರ ಮುಂದೆಯೂ ನೀವು ‘ಪ್ರವೇಶ ಸಹಿತ’ ಎಂದೇ ಮುದ್ರಿಸಿದ್ದೀರಿ.

ಡ್ರಾಟ್ನಿಂಗ್‌ಹೋಮಿಗಾಗಿಯೇ ನಾವು ಈ ಪ್ರವಾಸವನ್ನು ಆರಿಸಿಕೊಂಡದ್ದು. 1766ರಲ್ಲಿ ಕಟ್ಟಿದ ಆ ರಂಗಮಂದಿರ, ನಾಟಕಪ್ರಿಯನಾಗಿದ್ದ ದೊರೆ ಮೂರನೆಯ ಗುಸ್ತಾವ್ 1792ರಲ್ಲಿ ಮುಖವಾಡದ ನೃತ್ಯಕೂಟವೊಂದರಲ್ಲಿ ಗುಂಡೇಟು ತಿಂದು ಸತ್ತ ಮೇಲೆ ನಾಟಕಗಳಿಲ್ಲದೆ ಮೂಲೆಗುಂಪಾಗಿ, 1921ರಲ್ಲಿ ಆಗ್ನೆ ಬೇಯರ್ ಎಂಬ ವಿದ್ವಾಂಸರ ಕಣ್ಣಿಗೆ ಬೀಳುವವರೆಗೂ ಬಹುಮಟ್ಟಿಗೆ ಇದ್ದಂತೆಯೇ ಉಳಿದಿತ್ತು. ಪರದೆಗಳನ್ನು ಬದಲಿಸುವ ಮರದ ಯಂತ್ರ, ಅಲೆಗಳನ್ನು ತೋರಿಸಲು ತಿರುಗುವ ಸುರುಳಿ ದಿಂಡುಗಳು, ಕಲ್ಲು ತುಂಬಿದ ಪೆಟ್ಟಿಗೆಯನ್ನು ವಾಲಿಸಿ ಗುಡುಗು ಹುಟ್ಟಿಸುವ ಸಾಧನ ಇವೆಲ್ಲವೂ ಅಲ್ಲಿ ಇಂದಿಗೂ ಇವೆ. ನನ್ನ ತಂದೆಯವರು ಹರೆಯದಲ್ಲಿ ವೃತ್ತಿ ನಾಟಕ ಕಂಪನಿಯೊಂದರಲ್ಲಿ ಸೀನರಿ ಪರದೆಗಳ ಹಗ್ಗ ಎಳೆದವರು. ಆ ಹಗ್ಗಗಳು ಅಲ್ಲಿ ಹೇಗೆ ಓಡುತ್ತವೆಂದು ನೋಡುವುದೊಂದೇ ಅವರ ಆಸೆಯಾಗಿತ್ತು. ಹೊರಗಿನಿಂದ ನೋಡಿದರೆ ಅದೊಂದು ಸಾದಾ ತಿಳಿಬಣ್ಣದ ಕಟ್ಟಡ. ಇರುವುದೆಲ್ಲ ಒಳಗೆ, ಒಳಗೆ ಹೋಗಬೇಕಾದರೆ ಅಲ್ಲಿನ ಮಾರ್ಗದರ್ಶಕರ ಜೊತೆಗೇ ಹೋಗಬೇಕು, ಅದಕ್ಕೆ ಟಿಕೆಟ್ ಬೇಕು. ಪ್ರವಾಸ ನಡೆಸುವುದೇ ಉದ್ಯೋಗವಾಗಿರುವ ಸಂಸ್ಥೆಗೆ ಇದು ತಿಳಿದಿರುತ್ತದೆಂದು ಭಾವಿಸುವುದು ಅತಿಯಾಸೆಯಲ್ಲ.

ರಂಗಮಂದಿರದ ಮುಂದಿನ ಜಲ್ಲಿ ಹಾಸಿದ ಅಂಗಳದಲ್ಲಿ ನಡೆದ ಮಾತುಕತೆಯನ್ನು ನಿಮ್ಮ ದಾಖಲೆಗಾಗಿ ಇದ್ದದ್ದಿದ್ದಂತೆ ಬರೆಯುತ್ತಿದ್ದೇನೆ. ಟೂರ್ ಮ್ಯಾನೇಜರ್ ಕೈಯಲ್ಲಿದ್ದ ಕಿತ್ತಳೆ ಬಣ್ಣದ ಬಾವುಟವನ್ನು ಎತ್ತಿ, “ಎಲ್ಲರೂ ಬೇಗ ಫೋಟೊ ತಗೊಳ್ಳಿ, ಹದಿನೈದು ನಿಮಿಷಕ್ಕೆ ಬಸ್ಸು” ಎಂದರು. “ಒಳಗೆ ಯಾವಾಗ ಹೋಗುವುದು ಸರ್?” ಎಂದು ತಂದೆಯವರು ಕೇಳಿದರು. “ಒಳಗೇನಿದೆ ಅಂಕಲ್? ಬರೀ ಖಾಲಿ ಸ್ಟೇಜು. ನೀವು ನಾಟಕ ನೋಡಿಲ್ವಾ?” ಎಂಬ ಉತ್ತರ ಬಂತು. ಮೊಬೈಲಿನಲ್ಲಿದ್ದ ನಿಮ್ಮ ಕರಪತ್ರವನ್ನು ನಾನು ತೋರಿಸಿದೆ. ಅವರು ಅದನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ಓದಿದರು, ಮತ್ತೆ ಚಿಕ್ಕದು ಮಾಡಿದರು, ನಂತರ ಗುಂಪಿನ ಕಡೆಗೆ ತಿರುಗಿ ಗಟ್ಟಿಯಾಗಿ, “ಅಂಕಲ್‌ಗೆ ಖಾಲಿ ಸ್ಟೇಜ್ ನೋಡಬೇಕಂತೆ. ಯಾರಿಗೆಲ್ಲ ಶಾಪಿಂಗ್ ಬೇಕು, ಯಾರಿಗೆ ಖಾಲಿ ಸ್ಟೇಜು? ಕೈ ಎತ್ತಿ!” ಎಂದು ಮತದಾನವನ್ನೇ ನಡೆಸಿದರು. ಬಿಸಿಲಿನಲ್ಲಿ ನಿಂತು ಬೇಸತ್ತಿದ್ದ ಜನ ನಗುತ್ತಾ ಶಾಪಿಂಗಿಗೆ ಕೈ ಎತ್ತಿದರು. ಖಾಲಿ ರಂಗಕ್ಕೆ ನಾನೂ ನನ್ನ ಪತ್ನಿಯೂ ಕೈ ಎತ್ತಿದೆವು. ತಂದೆಯವರು ಎತ್ತಲಿಲ್ಲ; ಅಷ್ಟರಲ್ಲಿ ಅವರು ಬಸ್ಸಿನ ಕಡೆಗೆ ಹೊರಟಿದ್ದರು. ಹಣ ಪಾವತಿಸಿದ ಸೇವೆಯನ್ನು ಬಹುಮತದಿಂದ ರದ್ದುಗೊಳಿಸುವ ಈ ಪ್ರಜಾಸತ್ತಾತ್ಮಕ ವ್ಯವಸ್ಥೆಯ ಬಗ್ಗೆ ನಿಮ್ಮ ಷರತ್ತುಗಳಲ್ಲಿ ಎಲ್ಲಿ ಬರೆದಿದೆಯೆಂದು ದಯವಿಟ್ಟು ತಿಳಿಸಬೇಕು.

ವಾಸಾ ಹಡಗನ್ನು ನೋಡಲು ಬಿಟ್ಟಿರಿ, ಅವಸರದಲ್ಲಾದರೂ ಸರಿ. ಆದರೆ ಅಲ್ಲಿಂದ ಸ್ವಲ್ಪವೇ ದೂರದಲ್ಲಿರುವ ನೌಕಾ ಸಂಗ್ರಹಾಲಯವನ್ನು ಕೈಬಿಟ್ಟದ್ದಕ್ಕೆ ನಿಮ್ಮ ಪ್ರತಿನಿಧಿ ಕೊಟ್ಟ ಕಾರಣ, “ಒಂದು ಹಡಗು ನೋಡಿದ್ರಲ್ಲ, ಎಷ್ಟು ಹಡಗು ನೋಡ್ತೀರಾ?” ಎಂಬುದು. ಅದೇ ಗುಸ್ತಾವ್ ದೊರೆಯ ಆಂಫಿಯಾನ್ ಹಡಗಿನ ಹಿಂಭಾಗ ಮತ್ತು ಕ್ಯಾಬಿನ್ ಅಲ್ಲಿದೆ. ರಂಗಮಂದಿರ ತಪ್ಪಿದ ಮೇಲೆ ಅದಾದರೂ ಸಿಕ್ಕೀತೆಂದು ನಾವು ಕಾದಿದ್ದೆವು. ಆ ಸಮಯವನ್ನು ನೀವು ವ್ಯಾಪಾರ ಮಳಿಗೆಯೊಂದಕ್ಕೆ ಕೊಟ್ಟಿರಿ.

ವಾಸಾ 1628ರ ಆಗಸ್ಟ್ 10ರಂದು ಮೊದಲ ಯಾನದಲ್ಲೇ, ಸುಮಾರು 1300 ಮೀಟರು ಸಾಗುವಷ್ಟರಲ್ಲಿ ಮುಳುಗಿತು. ವಿಚಾರಣೆಯೂ ನಡೆಯಿತು, ಆದರೆ ಯಾರಿಗೂ ಶಿಕ್ಷೆಯಾಗಲಿಲ್ಲ. ನಿಮ್ಮ ದೂರು ವಿಭಾಗ ಇದೇ ಮಾದರಿಯನ್ನು ಶ್ರದ್ಧೆಯಿಂದ ಅನುಸರಿಸುತ್ತಿರುವಂತಿದೆ: ಸ್ಥಳೀಯ ಏಜೆಂಟರ ತಪ್ಪೆಂದು ಒಬ್ಬರು, ಟಿಕೆಟ್ ಸಿಗಲಿಲ್ಲವೆಂದು ಇನ್ನೊಬ್ಬರು, ಗುಂಪಿನ ಒಪ್ಪಿಗೆಯಿತ್ತೆಂದು ಮತ್ತೊಬ್ಬರು. ಟಿಕೆಟ್ಟನ್ನು ಕಾಯ್ದಿರಿಸಿದ ದಾಖಲೆಯೊಂದನ್ನು ಕಳುಹಿಸಿ ಎಂದು ಕೇಳಿದರೆ, ನನ್ನ ಅಭಿಪ್ರಾಯ ತಮಗೆ ಅಮೂಲ್ಯವೆನ್ನುತ್ತಾರೆ. ಅಮೂಲ್ಯವಾದದ್ದಕ್ಕೆ ಬೆಲೆ ಕಟ್ಟಲಾಗದೆಂದೇ ಇರಬೇಕು, ಹಣ ಮಾತ್ರ ಹಿಂದಿರುಗಿಲ್ಲ.

ಎರಡು ಸ್ಥಳಗಳ ಪ್ರವೇಶ ಶುಲ್ಕ, ಆ ದಿನದ ಪ್ರವಾಸ ವೆಚ್ಚದಲ್ಲಿ ನಮ್ಮ ಮೂವರ ಪಾಲು, ತಂದೆಯವರ ಹೆಸರಿಗೆ ಲಿಖಿತ ಕ್ಷಮಾಪಣೆ ಇವು ಪತ್ರ ತಲುಪಿದ ಹದಿನೈದು ದಿನಗಳೊಳಗೆ ಬರಬೇಕು. ಕ್ಷಮಾಪಣೆಯನ್ನು ಆ ಬಾವುಟ ಹಿಡಿದಿದ್ದವರೇ ಬರೆಯಬೇಕು, ಸಿದ್ಧ ನಮೂನೆಯ ಇಮೇಲ್ ಬೇಡ. ಕೂಪನ್ನನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ.

ಇಲ್ಲವಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸುತ್ತೇನೆ. ನಿಮ್ಮ ಪ್ರಧಾನ ಕಚೇರಿ ಇರುವ ಊರಿಗೆ ನಾನು ಬರಬೇಕಾಗಿಲ್ಲ, ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ ಎಂಬುದು ನಿಮ್ಮ ಕಾನೂನು ವಿಭಾಗಕ್ಕೆ ತಿಳಿದಿರುತ್ತದೆ. ತಪ್ಪುದಾರಿಗೆಳೆಯುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ನಿಮ್ಮ ಕರಪತ್ರದ ಪ್ರತಿ ಬೇರೆಯಾಗಿಯೇ ಹೋಗುತ್ತದೆ. ಅಂದು ಶಾಪಿಂಗಿಗೆ ಕೈ ಎತ್ತಿದವರಲ್ಲಿ ಕೆಲವರು ಊರಿಗೆ ಬಂದು ಕರಪತ್ರ ಓದಿಕೊಂಡ ಮೇಲೆ ನನಗೆ ಕರೆ ಮಾಡಿದ್ದಾರೆ. ಅವರ ಲಿಖಿತ ಹೇಳಿಕೆಗಳೂ ನನ್ನ ಬಳಿ ಇವೆ.

ಇಂತಿ,
ನಿಮ್ಮ ಗ್ರಾಹಕ
ಬೆಂಗಳೂರು