ಮಾರಯ್ಯನೂ ಕಲ್ಯಾಣಕ್ಕೆ ಹೋದವನೇ

ಮಾನ್ಯ ಸಂಪಾದಕರೇ,

ಧಾರ್ಮಿಕ ಸಮ್ಮೇಳನಗಳಿಗೆ ಹೋಗುವುದು ಹೊತ್ತಿನ ದಂಡ, ದುಡ್ಡಿನ ದಂಡ, ಕಾಯಕ ಬಿಟ್ಟು ಓಡಾಡುವುದನ್ನು ಶರಣರೇ ಒಪ್ಪಿರಲಿಲ್ಲ ಎಂದು ನಮ್ಮ ತಾಲ್ಲೂಕಿನ ಓದುಗರೊಬ್ಬರು ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಬರೆದಿದ್ದರು. ಊರಿನ ಅಕ್ಕನ ಬಳಗದಲ್ಲಿ ದುಡಿಯುತ್ತಿರುವ ನನಗೆ ಆ ಪತ್ರಕ್ಕೆ ಉತ್ತರ ಕೊಡದೆ ಸುಮ್ಮನಿರಲು ಆಗಲಿಲ್ಲ. ಸಮ್ಮೇಳನಗಳಿಗೆ ಹೋಗಬೇಕು ಎನ್ನುವವಳು ನಾನು. ಆದರೆ ಅವು ಈಗ ನಡೆಯುತ್ತಿರುವ ರೀತಿಯಲ್ಲೇ ನಡೆದರೆ, ಕೂಲಿ ಮಾಡಿ ಉಣ್ಣುವ ಹೆಣ್ಣುಮಗಳನ್ನು ಬಾರವ್ವ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಖರ್ಚಿನ ವಿಷಯದಲ್ಲಿ ಆ ಓದುಗರ ಮಾತು ನಿಜ. ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ಹೆಂಗಸರಾದ ನಮಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಲಿಂಗಸುಗೂರಿನಲ್ಲಿ ಹತ್ತಿದರೆ ಮುದಗಲ್, ಇಳಕಲ್, ಹುನಗುಂದ ದಾಟಿ ಕೂಡಲಸಂಗಮದ ಶರಣ ಮೇಳಕ್ಕೆ ಆಧಾರ್ ತೋರಿಸಿಯೇ ಹೋಗಿ ಬರಬಹುದು. ಹಾಗಾದರೆ ನಿಮಗೇನು ಖರ್ಚು ಎಂದು ಗಂಡಸರು ಕೇಳುತ್ತಾರೆ. ಖರ್ಚು ಇರುವುದು ಬಿಟ್ಟ ಕೂಲಿಯಲ್ಲಿ. ಸಂಕ್ರಾಂತಿಯ ಆಸುಪಾಸು ನಮ್ಮ ಕಡೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ, ಕಡಲೆ ಕೀಳಲು ಆಳು ಹುಡುಕುವ ಕಾಲ. ಉದ್ಯೋಗ ಖಾತರಿಯಲ್ಲಿ 2025-26ಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕ ಹಿಡಿದರೂ ಮೂರು ದಿನದ ಸಮ್ಮೇಳನಕ್ಕೆ ಹೊರಟವಳು 1,110 ರೂಪಾಯಿ ಕೈಬಿಟ್ಟಂತೆ. ಬಸ್ಸಿನಲ್ಲಿ ಜಾಗ ಸಿಗದೆ ಕ್ರೂಸರ್ ಮಾಡಿಕೊಂಡರೆ ಅದರ ಬಾಡಿಗೆ ಬೇರೆ, ಕೆಲವೆಡೆ ನೋಂದಣಿ ಶುಲ್ಕ ಬೇರೆ. ಮನೆಯಲ್ಲಿ ಹಿಂಡುವ ಎಮ್ಮೆ ಇದ್ದರೆ ನೆರೆಮನೆಯವರನ್ನು ಗೋಗರೆಯಬೇಕು. ಇಷ್ಟೆಲ್ಲ ಮಾಡಿ ಬಂದವಳನ್ನು ಸಂಘಟಕರು ಪೆಂಡಾಲು ತುಂಬಿಸುವ ತಲೆ ಎಂದು ಎಣಿಸುವುದು ನನಗೆ ಸಹಿಸದ ಸಂಗತಿ.

ಆದರೆ ಆ ಓದುಗರು ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನನ್ನು ಸಾಕ್ಷಿಗೆ ಕರೆದಿದ್ದಾರೆ. ಅಲ್ಲಿ ನನ್ನ ತಕರಾರಿದೆ. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಮರೆಯಬೇಕು ಎಂದವನು ಮಾರಯ್ಯ, ನಿಜ. ಶರಣರ ಮಾತು ಕೇಳುತ್ತ ಮೈಮರೆತು ಕುಳಿತ ಅವನನ್ನು, ಕಾಯಕ ನಿಂತಿದೆ, ಏಳು ಎಂದು ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ, ಅದೂ ನಿಜ. ಆ ಗಂಡ ಹೆಂಡತಿಯ ಊರು ಎಂದು ನಾವು ಹಿಂದಿನಿಂದಲೂ ನಂಬಿರುವುದು ನಮ್ಮದೇ ತಾಲ್ಲೂಕಿನ ಗುರುಗುಂಟಾದ ಅಮರೇಶ್ವರವನ್ನು. ಬರೀ ದುಡಿಮೆಯೇ ಸಾಕಾಗಿದ್ದರೆ ಅವರಿಗೆ ಅಮರೇಶ್ವರದಲ್ಲೇ ದುಡಿಮೆ ಇರಲಿಲ್ಲವೇ? ಊರು ಬಿಟ್ಟು, ಬಸವಣ್ಣನವರಿದ್ದ ಅಷ್ಟು ದೂರದ ಕಲ್ಯಾಣಕ್ಕೆ ಅವರು ನಡೆದದ್ದು ಶರಣರ ಸಂಗಕ್ಕಾಗಿ. ಲಕ್ಕಮ್ಮ ಗಂಡನನ್ನು ಕೆಲಸಕ್ಕೆ ಎಬ್ಬಿಸಿದಳೇ ಹೊರತು ಕಲ್ಯಾಣ ಬಿಟ್ಟು ಊರಿಗೆ ನಡೆ ಎನ್ನಲಿಲ್ಲ. ಇನ್ನೂ ಮುಖ್ಯವಾದದ್ದೆಂದರೆ, ಅಲ್ಲಿ ಅವರು ಬರಿಯ ಕೇಳುಗರಾಗಿರಲಿಲ್ಲ. ಅಕ್ಕಿ ಆಯುವ ಮಾರಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ಎಲ್ಲರೂ ಮಾತನಾಡಿದವರು. ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ನಿಲ್ಲಿಸಿ ಪ್ರಶ್ನಿಸಿದ ಲಕ್ಕಮ್ಮನ ಮಾತು ಇವತ್ತಿಗೂ ಉಳಿದಿದೆ.

ಇಂದಿನ ಸಮ್ಮೇಳನಗಳಲ್ಲಿ ಲಕ್ಕಮ್ಮನಿಗೆ ಮಾತನಾಡಲು ಜಾಗ ಎಲ್ಲಿದೆ? ನಮ್ಮ ಬಳಗದವರು ಹೋಗಿದ್ದ ಒಂದು ಸಮ್ಮೇಳನದಲ್ಲಿ ಮಧ್ಯಾಹ್ನ ಮೂರಕ್ಕೆ ಮಹಿಳಾ ಗೋಷ್ಠಿ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಬೆಳಗಿನ ಉದ್ಘಾಟನೆಯೇ ಎಳೆದು ಎಳೆದು ಊಟದ ಹೊತ್ತನ್ನು ನುಂಗಿತು. ವೇದಿಕೆಯ ಮೇಲೆ ಎರಡು ಸಾಲು ಕುರ್ಚಿ ಸಾಲದೆ ಮೂರನೆಯ ಸಾಲು ಹಾಕಿದರು. ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಫೋಟೊ. ನಿರೂಪಕರು ದಾನಿಗಳ ಹೆಸರನ್ನು ಊರು, ಹುದ್ದೆ ಸಮೇತ ಓದಿದರು. ಗೋಷ್ಠಿ ಶುರುವಾದಾಗ ದೀಪ ಹಚ್ಚುವ ಹೊತ್ತು. ಮಾತನಾಡಲು ಬಂದ ಅಕ್ಕಂದಿರಿಗೆ ಐದೈದು ನಿಮಿಷ. ಮೂರನೆಯ ನಿಮಿಷಕ್ಕೇ ಮುಗಿಸಿ ಎಂಬ ಚೀಟಿ. ಸಭಿಕರ ಪ್ರಶ್ನೆಗಳನ್ನು ಸಮಯದ ಅಭಾವದಿಂದ ಕೈಬಿಡಲಾಗಿದೆ ಎಂದು ಘೋಷಿಸಿಬಿಟ್ಟರು. ಬರೆದು ತಂದಿದ್ದ ಪ್ರಶ್ನೆಯ ಹಾಳೆಯನ್ನು ನಮ್ಮವರೊಬ್ಬರು ಮಡಚಿ ಸೆರಗಿನ ಗಂಟಿಗೆ ಕಟ್ಟಿಕೊಂಡರು. ಮಗಳ ಮದುವೆಯನ್ನು ವಚನ ವಿಧಿಯಲ್ಲಿ ಮಾಡಬೇಕೆಂದರೆ ಬೀಗರನ್ನು ಒಪ್ಪಿಸುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು.

ಅದಕ್ಕೆ ಉತ್ತರ ಸಿಕ್ಕಿದ್ದು ಆ ರಾತ್ರಿ, ನಾವು ಮಲಗಿದ್ದ ಕಲ್ಯಾಣ ಮಂಟಪದ ಜಮಖಾನೆಯ ಮೇಲೆ. ಮಾನ್ವಿ ಕಡೆಯ ಹಳ್ಳಿಯ ಹಿರಿಯಕ್ಕ ಒಬ್ಬರು ತಮ್ಮ ಊರಿನಲ್ಲಿ ನಡೆಸಿದ ಮದುವೆಗಳ ಕ್ರಮವನ್ನು ಒಂದೊಂದಾಗಿ ಹೇಳಿದರು. ಮುಹೂರ್ತ ಕೇಳುವುದಿಲ್ಲ, ಎಲ್ಲರಿಗೂ ಬಿಡುವಿರುವ ದಿನ ನೋಡುತ್ತಾರೆ. ವಧು ವರರಿಗೆ ವಿಭೂತಿ, ರುದ್ರಾಕ್ಷಿ, ಇಬ್ಬರಿಂದಲೂ ಪ್ರತಿಜ್ಞೆ. ಅಕ್ಷತೆ ಎಂದು ಅಕ್ಕಿ ಎರಚುವುದಿಲ್ಲ, ಅನ್ನ ಕಾಲಡಿಗೆ ಬೀಳಬಾರದೆಂದು ಹೂವಿನ ಎಸಳು ಹಾಕುತ್ತಾರೆ. ಬೀಗರನ್ನು ಒಪ್ಪಿಸಲು ಮೊದಲು ಅವರ ಮನೆಯ ಅಜ್ಜಿಯ ಹತ್ತಿರ ಹೋಗಿ ಕುಳಿತುಕೊಳ್ಳಿ ಎಂದರು ಆ ಅಕ್ಕ. ಅಜ್ಜಿ ಹೂಂ ಎಂದರೆ ಮನೆಯ ಗಂಡಸರು ಎದುರಾಡುವುದಿಲ್ಲವಂತೆ. ನಾವು ಕರಪತ್ರದ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡೆವು. ನಮ್ಮೂರಿನಲ್ಲಿ ಅದೇ ಕ್ರಮದಲ್ಲಿ ಮದುವೆ ಆಯಿತು. ವರದಕ್ಷಿಣೆ ಇಲ್ಲ, ಬ್ಯಾಂಡು ಇಲ್ಲ, ಕೈಗಡ ಇಲ್ಲ. ಮೂರು ದಿನದ ಕೂಲಿಯನ್ನು ಆ ಮನೆಯ ಸಾಲ ತಪ್ಪಿದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ ಎಂದು ಆ ಓದುಗರನ್ನು ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಪ್ರವಚನ ಕೇಳಿದ್ದರೆ ಆ ಹಿರಿಯಕ್ಕ ನಮಗೆ ಸಿಗುತ್ತಿರಲಿಲ್ಲ.

ಸಮ್ಮೇಳನಗಳಿಂದ ಏನೂ ಹುಟ್ಟುವುದಿಲ್ಲ ಎಂಬ ಮಾತನ್ನು ಇತಿಹಾಸವೂ ಒಪ್ಪುವುದಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳ ಪ್ರಯತ್ನದಿಂದ 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಸೇರಿತು. ಅಧ್ಯಕ್ಷರಾಗಿದ್ದ ಸಿರಸಂಗಿಯ ಲಿಂಗರಾಜ ದೇಸಾಯಿ ತಮ್ಮ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬಿಟ್ಟುಹೋದವರು. ವೀರಶೈವ, ಲಿಂಗಾಯತ ಎಂಬ ಈಗಿನ ಜಗಳದಲ್ಲಿ ಯಾರು ಯಾವ ಕಡೆಗಾದರೂ ಇರಲಿ, ಆ ಕಾಲದ ಸಭೆಗಳು ಓದು, ಉಚಿತ ಪ್ರಸಾದ ನಿಲಯ ಎಂಬ ಮಾತನ್ನು ಊರೂರಿಗೆ ಮುಟ್ಟಿಸಿದ್ದನ್ನು ಅಲ್ಲಗಳೆಯಲಾಗದು.

ದೂರ ಏಕೆ, ಕೊಪ್ಪಳದ ಗವಿಮಠದ ಜಾತ್ರೆಯನ್ನೇ ನೋಡಿ. ಸುತ್ತಲಿನ ಹಳ್ಳಿಗಳ ಹೆಂಗಸರು ಬಡಿದ ಜೋಳದ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ದಾಸೋಹಕ್ಕೆ ಬರುತ್ತದೆ. ಹೋಗಲಾಗದವರ ರೊಟ್ಟಿಯೂ ಅದರಲ್ಲಿ ಇರುತ್ತದೆ. ಹೀಗೆ ಖರ್ಚು ಊರೆಲ್ಲ ಹಂಚಿಹೋಗುವುದರಿಂದ ಯಾರ ಮೇಲೂ ಭಾರ ಬೀಳುವುದಿಲ್ಲ. ಜಾತ್ರೆಗೆ ಕೂಡುವ ಆ ಜನವೇ ಬೇರೆ ಕೆಲಸಕ್ಕೂ ಕೂಡುತ್ತದೆ. 2019ರಲ್ಲಿ ಈಗಿನ ಸ್ವಾಮೀಜಿಯವರು ಹಿರೇಹಳ್ಳದ ಹೂಳೆತ್ತಲು ಇಳಿದಾಗ ಜನ ಜೊತೆಗೆ ಇಳಿದರು.

ನಮ್ಮ ಜಿಲ್ಲೆಯ ಸಂಘಟಕರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಸನ್ಮಾನಗಳನ್ನೆಲ್ಲ ಕಡೆಯ ದಿನದ ಸಂಜೆಗೆ ಒಟ್ಟಿಗೆ ಇಡಿ. ಮೊದಲ ದಿನದ ಮಧ್ಯಾಹ್ನ ಮೈಕನ್ನು ವೇದಿಕೆಯಿಂದ ಕೆಳಗೆ ಇಳಿಸಿ, ತಾಲ್ಲೂಕುವಾರು ಬಳಗಗಳು ತಾವು ಮಾಡಿದ್ದನ್ನು, ಮಾಡಲಾಗದೆ ಸೋತದ್ದನ್ನು ಹೇಳಲಿ. ಸುಗ್ಗಿಯ ತಿಂಗಳಲ್ಲಿ ಮೂರು ದಿನದ ಸಮ್ಮೇಳನ ಬೇಡ. ಎತ್ತು ಹೂಡದ ಅಮಾವಾಸ್ಯೆಯ ದಿನ ತಾಲ್ಲೂಕಿನಲ್ಲೇ ಒಂದು ದಿನ ಕೂಡಿಸಿದರೆ ಕೂಲಿಯವರೂ ಬರುತ್ತಾರೆ. ಸಮ್ಮೇಳನ ಮುಗಿದ ಮೇಲೆ ಬಂದ ದೇಣಿಗೆ, ಆದ ಖರ್ಚು ಎರಡನ್ನೂ ಅಚ್ಚು ಹಾಕಿಸಿ ಹಳ್ಳಿಗಳಿಗೆ ಕಳುಹಿಸಿ. ಈ ವರ್ಷದ ಕರಪತ್ರ ಮುದ್ರಣಕ್ಕೆ ಹೋಗುವ ಮೊದಲು ಬಳಗಗಳ ಅಕ್ಕಂದಿರನ್ನು ಕರೆದು ಒಮ್ಮೆ ಕೇಳಿ ನೋಡಿ, ನಾವು ಬಂದು ಕೂಡಲು ಸಿದ್ಧರಿದ್ದೇವೆ.

ಇಂತಿ,
ಅಕ್ಕನ ಬಳಗದ ಸದಸ್ಯೆ
ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ